ಮೆಮೆಂಟೋ ಮೇಲಿನ ಸಿಟ್ಟು

ಮೆಮೆಂಟೋ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಸಭೆಗೆ ಭಾಷಣಕ್ಕೆ ಹೋದರೂ ಕೊನೆಗೊಂದು ಶಾಲು ಹೊದೆಸಿ, ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ ಹಲಗೆಯೊಂದನ್ನು ಕೈಗಿತ್ತು ಫೋಟೋಕ್ಕೆ ನಿಲ್ಲಿಸುತ್ತಾರೆ. ಶಾಲನ್ನಾದರೂ ಹೊದ್ದು ಮಲಗಬಹುದು. ಇದನ್ನೇನು ಮಾಡುವುದು ಹೇಳಿ! ಒಲೆಗೆ ಹಾಕಿದರೆ ನಾರುತ್ತದೆ, ಗುಜರಿಯವನೂ ಮುಖ ಸಿಂಡರಿಸುತ್ತಾನೆ. ನಮ್ಮನೆಯಲ್ಲಿ ಒಂದು, ಗಾಳಿಗೆ ಬಡಿದುಕೊಳ್ಳುವ ಬಚ್ಚಲ ಬಾಗಿಲಿಗೆ ಅಡ್ಡ ಇದೆ. ಇನ್ನೊಂದನ್ನು ಹೆಂಡತಿ ಉಪ್ಪಿನಕಾಯಿ ಭರಣಿಯ ಮೇಲೆ ಹೇರಿದ್ದಾಳೆ. "ನೀವು ತಂದದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇಯ" ಎಂದು ಬೇರೆ ಹೇಳುತ್ತಾಳೆ.

ಮೂಲ ಹುಡುಕಿದರೆ ಇದು ಲ್ಯಾಟಿನ್ ಶಬ್ದ. ಅಲ್ಲಿ ಅದು ವಸ್ತುವಿನ ಹೆಸರೇ ಅಲ್ಲ, ಅಪ್ಪಣೆ: ನೆನಪಿಟ್ಟುಕೋ! ಇಂಗ್ಲಿಷಿನವರ ಕೈಗೆ ಬಂದು ನೆನಪಿಗಾಗಿ ಇಟ್ಟುಕೊಳ್ಳುವ ವಸ್ತುವಾಯಿತು. ನಮ್ಮ ಕೈಗೆ ಸಿಕ್ಕ ಮೇಲೆ ಕೊಟ್ಟು ಕೈತೊಳೆದುಕೊಳ್ಳುವ ವಸ್ತುವಾಗಿದೆ. ಅಲ್ಲ, ಸನ್ಮಾನ ನನಗಾದರೆ ನೆನಪಿಡಬೇಕಾದವರು ಅವರೋ ನಾನೋ? ಇದನ್ನು ಯಾರೂ ವಿಚಾರ ಮಾಡುವುದಿಲ್ಲ.

ಮೊನ್ನೆ, ನಾನು ಮಾಸ್ತರನಾಗಿರುವ ಇಡಗುಂದಿಯಾಚೆಯ ಶಾಲೆಯಲ್ಲಿ ಈ ಸಿಟ್ಟು ನೆತ್ತಿಗೇರಿತು. ಹದಿನಾರು ವರ್ಷ ಮಕ್ಕಳಿಗೆ ಬಿಸಿಯೂಟ ಬೇಯಿಸಿ ಹಾಕಿದ ಅಕ್ಕನಿಗೆ ಅಂದು ಬೀಳ್ಕೊಡುಗೆ. ಶಾಲಾ ಸಮಿತಿಯ ಅಧ್ಯಕ್ಷರು ಯಲ್ಲಾಪುರದಿಂದ ಮೆಮೆಂಟೋ ಮಾಡಿಸಿ ತಂದಿದ್ದರು. ಬಿಚ್ಚಿ ನೋಡುತ್ತೇನೆ, "ಬಿಸಿಯೂಟದ ಅಡುಗೆಯವರಿಗೆ, ಪ್ರೀತಿಯ ನೆನಪಿಗಾಗಿ" ಎಂದಿದೆ. ಅಷ್ಟೇ!

"ಯಾರ ನೆನಪು ಮಾರಾಯರೇ? ಹೆಸರೆಲ್ಲಿ?" ಎಂದು ಹಾರಾಡಿದೆ. "ಭಾಷಣ ಮಾಡಿ ಹೋಗುವ ನಮ್ಮಂಥವರ ಹೆಸರನ್ನು ಮೊಳದುದ್ದ ಕೆತ್ತಿಸ್ತೀರಿ. ಅನ್ನ ಹಾಕಿದವಳಿಗೆ ಹೆಸರಿಲ್ವಾ? ನಾಚಿಕೆ ಆಗೋದಿಲ್ವಾ?"

ಅಧ್ಯಕ್ಷರು ಪಾಪ, ತಲೆ ತಗ್ಗಿಸಿದರು. "ಹೌದು ಮಾಸ್ತರೆ, ನಮ್ದೇ ತಪ್ಪು. ಹೆಸರು ಹೇಳಿ, ಈಗ್ಲೇ ಪೇಂಟಲ್ಲಿ ಬರೀತೆ."

ನಾನು ಬಾಯಿ ತೆರೆದೆ. ಹೆಸರು ನನಗೂ ಗೊತ್ತಿಲ್ಲ! ಊಟದಕ್ಕ, ಊಟದಕ್ಕ ಎಂದೇ ಹದಿನಾರು ವರ್ಷ ಉಂಡಿದ್ದೇನೆ. ಕಾಗದಪತ್ರ ನೋಡುವ ಹೆಡ್ ಮಾಸ್ತರರು ಅತಿಥಿಗಳನ್ನು ಕರೆತರಲು ಹೋಗಿದ್ದರು. ಅಧ್ಯಕ್ಷರು ಕುಂಚ ಹಿಡಿದು ಕಾಯುತ್ತಿದ್ದಾರೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಡುಗೆಮನೆಗೆ ಓಡಿದೆ. ತನ್ನದೇ ಬೀಳ್ಕೊಡುಗೆಗೆ ಅಕ್ಕ ತಾನೇ ಪಾಯಸ ತೊಳಸುತ್ತಿದ್ದಳು. ತಡವರಿಸುತ್ತ ಕೇಳಿದೆ. ಅವಳು ಸೌಟು ಬಿಟ್ಟು, ಸೆರಗು ಬಾಯಿಗಿಟ್ಟುಕೊಂಡು ನಕ್ಕೇ ನಕ್ಕಳು.

"ಮಾಸ್ತರಿಗೆ ಬದ್ನೆಕಾಯಿ ಆಗೂದಿಲ್ಲ, ಸಾರಿಗೆ ಹುಳಿ ಮುಂದಾಗ್ಬೇಕು, ಎಲ್ಲಾ ನಂಗೆ ನೆನಪದೆ. ನಿಮ್ಗೆ ನನ್ನ ಹೆಸರೇ ಗೊತ್ತಿಲ್ವಾ? ನಾಗವೇಣಿ. ಬರ್ಕಳಿ ಮಾಸ್ತರೆ, ಅಲ್ಲಿಗೆ ಹೋಗೂದ್ರೊಳಗೆ ಮತ್ತೆ ಮರ್ತು ಹೋಗೂದು."

ಕಿಸೆಯಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ಪರೀಕ್ಷೆಯಲ್ಲಿ ಕದ್ದು ಬರೆಯುವ ಮಕ್ಕಳ ಕಿವಿ ಹಿಂಡುತ್ತ ಬಂದ ನಾನು ಅವಳೆದುರೇ ಅಂಗೈ ಬಿಡಿಸಿ ಬರೆದುಕೊಂಡೆ.