ಕೊಟ್ಟಿಗೆಯ ಬಲ್ಬು

ದೆವ್ವ ಕಂಡವರ ಕಥೆ ಕೇಳಿದಾಗಲೆಲ್ಲ ನಕ್ಕವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರು ನಗದೆ ಇನ್ನೇನು ಮಾಡಿಯಾನು? ಈಗಲೂ ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಕಂಡದ್ದನ್ನು ಹೇಳಿಬಿಡುತ್ತೇನೆ, ಅಷ್ಟೆ.

ರಾಜಾನುಕುಂಟೆಯಲ್ಲಿ ನಮ್ಮ ದೊಡ್ಡಪ್ಪ ಕೊಟ್ಟಿಗೆಯ ಹಿಂದೆ ಒಂದು ಗ್ಯಾಸ್ ಗುಂಡಿ ಕಟ್ಟಿಸಿದ್ದರು. ಯಲಹಂಕದ ಜ್ಯೂಸ್ ಗಾಡಿಗಳಿಂದ ಕಬ್ಬಿನ ಸಿಪ್ಪೆ ತಂದು, ಕೊಚ್ಚಿ, ಸಗಣಿಯ ಜೊತೆ ಕಲಸಿ ಅದಕ್ಕೆ ಹಾಕುತ್ತಿದ್ದರು. ಅದೆಲ್ಲ ಕೊಳೆತು ಬಂದ ಗ್ಯಾಸಿನಿಂದ ಒಂದು ಸಣ್ಣ ಇಂಜಿನ್ ಓಡಿ ಕೊಟ್ಟಿಗೆಯ ಬಲ್ಬು ಉರಿಯುತ್ತಿತ್ತು. ಮನೆಗೆ ಸರ್ಕಾರದ ಕರೆಂಟಿತ್ತು. ಕೊಟ್ಟಿಗೆಗೆ ಮಾತ್ರ ದೊಡ್ಡಪ್ಪನದೇ ಕರೆಂಟು. ಸಿಪ್ಪೆಯೊಳಗೆ ಸೇರಿಕೊಂಡ ನಿಂಬೆ ಹೋಳುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಿದ್ದರು. ಹುಳಿ ಹೆಚ್ಚಾದರೆ ಗುಂಡಿಯ ಹೊಟ್ಟೆ ಕೆಡುತ್ತದಂತೆ. ಗುಂಡಿಗೆ ಉಣಿಸದೆ ತಾವು ತಿಂಡಿ ತಿಂದವರಲ್ಲ. ಹೆತ್ತ ಮಗನಿಗೂ ಇಷ್ಟು ಉಪಚಾರವಿರಲಿಲ್ಲ ಎಂದು ದೊಡ್ಡಮ್ಮ ಛೇಡಿಸುತ್ತಿದ್ದರು. ಆದರೆ ಮುಸ್ಸಂಜೆ ಬಲ್ಬು ಹತ್ತಿದೊಡನೆ ಮೊದಲು ಕೈಮುಗಿಯುತ್ತಿದ್ದವರೂ ಅವರೇ.

ದೊಡ್ಡಪ್ಪ ತೀರಿಕೊಂಡ ಮೇಲೆ ಗುಂಡಿಯನ್ನು ದೊಡ್ಡಮ್ಮನೇ ನೋಡಿಕೊಂಡರು. ಮಂಡಿನೋವಿನಲ್ಲಿ ಬುಟ್ಟಿ ಎತ್ತಲಾಗದೆ, ಮುಚ್ಚಿಬಿಡೋಣ ಎಂಬ ಮಗನ ಮಾತು ಕೇಳಿ ಕೇಳಿ ಸಾಕಾಗಿ, ಕೊನೆಗೆ ಒಪ್ಪಿದರು. ಅಲ್ಲಿ ಬಾಡಿಗೆ ಮನೆಗಳು ಏಳಬೇಕಿತ್ತು. ಆ ದಿನ ದೊಡ್ಡಮ್ಮನ ಜೊತೆಗಿರು ಎಂದು ಅಣ್ಣ, ಅಂದರೆ ಅವರ ಮಗ, ನನ್ನನ್ನು ವಿದ್ಯಾರಣ್ಯಪುರದಿಂದ ಕರೆಸಿದ್ದ. ಬೆಳಿಗ್ಗೆ ಗುಜರಿಯವನು ಇಂಜಿನ್ ಬಿಚ್ಚಿ ಒಯ್ದ. ಮಧ್ಯಾಹ್ನ ಜೆಸಿಬಿ ಬಂದು ಗುಂಡಿಗೆ ಮಣ್ಣು ತುಂಬಿತು. ದೊಡ್ಡಮ್ಮ ಜಗಲಿ ಬಿಟ್ಟು ಏಳಲಿಲ್ಲ.

ಮುಸ್ಸಂಜೆ ನಾವಿಬ್ಬರೂ ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದೆವು. ಕೊಟ್ಟಿಗೆಯ ಬಲ್ಬು ಹತ್ತಿತು. ಮೊದಲು ಕೆಂಪಗೆ, ಆಮೇಲೆ ಪೂರ್ತಿ, ಇಂಜಿನ್ ಇದ್ದಾಗ ಹತ್ತುತ್ತಿದ್ದ ಹಾಗೇ. ದೊಡ್ಡಮ್ಮ ರೂಢಿಯಂತೆ ಕೈಮುಗಿದರು. ಮುಗಿದ ಕೈ ಹಾಗೇ ನಿಂತಿತು.

ನಾನು ಎದ್ದು ಓಡಿದೆ. ಬಲ್ಬಿನ ವೈರನ್ನೇ ನೋಡಿಕೊಂಡು ಹೋದರೆ ಅದು ಗೋಡೆಯಾಚೆ, ಇಂಜಿನ್ ಇದ್ದ ಕಟ್ಟೆಯ ಮೇಲೆ ಮುಗಿಯುತ್ತಿತ್ತು. ತುದಿ ಬರಿಗಾಳಿಯಲ್ಲಿತ್ತು. ಬೇರೆ ಯಾವ ತಂತಿಯೂ ಅದಕ್ಕೆ ತಾಗಿರಲಿಲ್ಲ. ವಾಪಸು ಬಂದೆ. ಬಲ್ಬು ಇನ್ನೂ ಉರಿಯುತ್ತಲೇ ಇತ್ತು.

“ನಿಮ್ ದೊಡ್ಡಪ್ಪ ಗುಂಡಿಗೆ ಇನ್ನೂ ಉಣ್ಸ್ತಾನೇ ಅವ್ರೆ ಮಗಾ,” ಎಂದರು ದೊಡ್ಡಮ್ಮ. “ನಾನು ಮುಚ್ಚಿಸ್ಬುಟ್ನಲ್ಲಪ್ಪ. ತಪ್ಪು ಮಾಡುದ್ನಾ? ನೀನೇ ಯೋಳು.”

ನಾನು ತಿರುಗಿ ಬಲ್ಬಿನ ಕಡೆ ನೋಡಿದೆ. ನೋಡನೋಡುತ್ತಿದ್ದಂತೆ ಬಲ್ಬು ಮಂಕಾಗಿ ಆರಿತು. ಮತ್ತೆಂದೂ ಹತ್ತಲಿಲ್ಲ.

ಅದು ಹೇಗೆ ಉರಿಯಿತೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಗೊತ್ತಿದ್ದ ವೈರಿಂಗ್‌ನವರನ್ನೆಲ್ಲ ಕೇಳಿದ್ದಾಯಿತು. ಅವರು ನನ್ನ ಮುಖ ನೋಡಿ ನಗುತ್ತಾರೆ, ಹಿಂದೆ ನಾನು ನಗುತ್ತಿದ್ದ ಹಾಗೆ. ಆದರೆ ಬಲ್ಬಿಗಿಂತ ಹೆಚ್ಚು ಕಾಡುವುದು ದೊಡ್ಡಮ್ಮನ ಪ್ರಶ್ನೆ. ಅವರು ಅದನ್ನು ಮತ್ತೆ ಕೇಳಲಿಲ್ಲ. ಈಗ ಆಗಾಗ ನಮ್ಮ ಮನೆಗೆ ಬಂದಿರುತ್ತಾರೆ. ಸಂಜೆ ನನ್ನ ಹೆಂಡತಿ ಲೈಟು ಹಾಕಿದಾಗ ನಾವೆಲ್ಲ ಕೈಮುಗಿಯುತ್ತೇವೆ. ದೊಡ್ಡಮ್ಮ ಮಾತ್ರ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿರುತ್ತಾರೆ.