ಸರ್ಕಾರ ಕೊಡಿಸಿದ ಬಾಡಿಗೆ ಮನೆ

ಬೀಗ ಒಡೆದವನು ಕಚೇರಿಯ ಜವಾನ. ಗುಮಾಸ್ತರು ಕಾಗದ ಹಿಡಿದು ಪಕ್ಕದಲ್ಲಿ ನಿಂತಿದ್ದರು. ನಾನು ನನ್ನ ಟ್ರಂಕಿನ ಜೊತೆ ಅವರ ಹಿಂದೆ. ಮನೆಯ ಯಜಮಾನಿ, ಅರವತ್ತರ ಆಸುಪಾಸಿನ ವಿಧವೆ ಅಜ್ಜಿ, ಜಗಲಿಯ ಕಂಬ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹೊಲಿಗೆ ಟೀಚರು. ಗಂಡ ರಸ್ತೆ ಕೆಲಸದ ಮೇಸ್ತ್ರಿ. ಧರ್ಮಪುರದ ಕಡೆ ಇದ್ದು ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ಎರಡು ವರ್ಷದಲ್ಲಿ ಮೂರು ಮನೆ ಬಿಟ್ಟಿದ್ದೆವು. ಒಬ್ಬ ಮಾಲೀಕರಿಗೆ ಮಗಳ ಬಾಣಂತನವಿತ್ತು, ಇನ್ನೊಬ್ಬರಿಗೆ ಹೆಚ್ಚು ಬಾಡಿಗೆ ಕೊಡುವವರು ಸಿಕ್ಕಿದ್ದರು, ಮೂರನೆಯವರು ಕಾರಣವನ್ನೇ ಹೇಳಲಿಲ್ಲ. ಆಗ ಒಂದು ಕಾನೂನಿತ್ತು. ಪಟ್ಟಣದಲ್ಲಿ ಮನೆ ಖಾಲಿಯಾದರೆ ಮಾಲೀಕರು ಬಾಡಿಗೆ ನಿಯಂತ್ರಣದ ಕಚೇರಿಗೆ ತಿಳಿಸಬೇಕು. ಅರ್ಜಿ ಹಾಕಿದವರಲ್ಲಿ ಒಬ್ಬರಿಗೆ ಕಚೇರಿಯೇ ಆ ಮನೆ ಕೊಡಿಸುತ್ತಿತ್ತು, ಬಾಡಿಗೆಯನ್ನೂ ಅದೇ ಗೊತ್ತುಮಾಡುತ್ತಿತ್ತು. ನಾನೂ ಅರ್ಜಿ ಹಾಕಿದ್ದೆ. ಅಜ್ಜಿ ತನ್ನ ಮನೆಯ ಹಿಂಭಾಗ ಖಾಲಿಯಿದ್ದದ್ದನ್ನು ಹೇಳಿರಲಿಲ್ಲ. ಯಾರೋ ಹೆಸರು ಹಾಕದೆ ಮೂಗರ್ಜಿ ಬರೆದರು. ಆ ಭಾಗ ನನ್ನ ಹೆಸರಿಗೆ ಬಂತು.

ಮರುದಿನವೇ ಬಾಗೂರಿನಿಂದ ಅಜ್ಜಿಯ ತಮ್ಮ ಬಂದ. ಕುರಿ ಸಾಕುವವನು. ಹೆಗಲಮೇಲೆ ಕಂಬಳಿ, ಸೊಂಟದಲ್ಲಿ ಸೊಪ್ಪು ಕಡಿಯುವ ಮಚ್ಚು. ನನ್ನ ಬಾಗಿಲಿನ ಎದುರಿಗೆ, ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತು ಮಚ್ಚು ಮಸೆಯತೊಡಗಿದ. ನಾನು ನೀರಿಗೆ ಹೋದಾಗ ತಲೆ ಎತ್ತದೆ ಹೇಳಿದ: "ಬೀಗ ಒಡ್ದೋರು ಹೋದ್ರು ಟೀಚರಮ್ಮ. ಇನ್ ಮ್ಯಾಲೆ ಇಲ್ಲಿರೋರು ನಾವೂ ನೀವೂ."

ಕೊಡ ಅರ್ಧ ತುಂಬಿತ್ತೋ ಇಲ್ಲವೋ, ಒಳಗೆ ಬಂದು ಅಗಳಿ ಹಾಕಿದೆ. ಅಂದಿನಿಂದ ಅವನು ಎದ್ದು ಹೋಗುವುದನ್ನು ಕಿಟಕಿಯ ಸಂದಿಯಿಂದ ನೋಡಿಕೊಂಡ ಮೇಲೆಯೇ ಹೋಗಿ ನೀರು ಸೇದುತ್ತಿದ್ದೆ. ಶಾಲೆಯಲ್ಲಿ ಮಿಷನ್ ತುಳಿಯುವಾಗ ಒಮ್ಮೆ ಸೂಜಿ ಬೆರಳಿಗೇ ಇಳಿಯಿತು. ಶನಿವಾರ ಗಂಡನಿಗೆ ಹೇಳಿದೆ, "ಬಿಟ್ಟು ಹೋಗಾಣ."

"ಎಲ್ಲಿಗೆ ಹೋಗಾಣ ಹೇಳು?" ಅಂದರು.

ಒಂದು ಮಧ್ಯಾಹ್ನ, ನಾನು ಶಾಲೆಯಿಂದ ಬಂದು ಇನ್ನೂ ಊಟಕ್ಕೆ ಕೂತಿರಲಿಲ್ಲ, ಯಾರೋ ಬಾಗಿಲು ಬಡಿದರು. ಸಂದಿಯಿಂದ ನೋಡಿದರೆ ಅಕ್ಕ, ತಮ್ಮ ಇಬ್ಬರೂ ನಿಂತಿದ್ದಾರೆ. ಅವನ ಸೊಂಟದಲ್ಲಿ ಮಚ್ಚು.

"ಏನು ಬೇಕು?" ಒಳಗಿನಿಂದಲೇ ಕೇಳಿದೆ.

"ಒಂದು ಕಾಗದ ಬಂದೈತೆ. ನಮಗೆ ಓದಾಕೆ ಬರಲ್ಲ," ಅಜ್ಜಿಯ ದನಿ.

"ಬಾಗಿಲ ಕೆಳಗೆ ತಳ್ರಿ."

ಕಾಗದ ಒಳಗೆ ಬಂತು. ಮನೆ ಖಾಲಿಯಿದ್ದದ್ದನ್ನು ಮುಚ್ಚಿಟ್ಟಿದ್ದಕ್ಕೆ ಯಾಕೆ ಕ್ರಮ ಜರುಗಿಸಬಾರದು, ಸೋಮವಾರ ಕಚೇರಿಗೆ ಬಂದು ಹೇಳಬೇಕು ಎಂದಿತ್ತು. ನನ್ನಿಂದಲೇ ಇದು ಬಂತೆಂದು ಅವರು ಅಂದುಕೊಂಡರೆ ಬಾಗಿಲು ಮುರಿಯುತ್ತಾರೆ ಅನ್ನಿಸಿತು. ಆದರೂ ಬಾಗಿಲ ಹಿಂದೆ ನಿಂತು ಗಟ್ಟಿಯಾಗಿ ಓದಿದೆ. ಹೊರಗೆ ಯಾರೋ ಧೊಪ್ಪನೆ ಕುಸಿದಂತಾಯಿತು.

ಅಗಳಿ ತೆಗೆದೆ. ಅಜ್ಜಿ ನೆಲದ ಮೇಲೆ ಕೂತಿದ್ದಳು. "ಜೈಲಿಗೆ ಹಾಕ್ತಾರೇನವ್ವ?" ಅಂದಳು. "ಉಳೋನಿಗೆ ಹೊಲ ಅಂತ ಕಾನೂನು ಮಾಡವ್ರೆ. ನಾಳೆ ಇರೋನಿಗೇ ಮನೆ ಅಂದ್ರೆ ನಾನೆಲ್ಲಿಗೆ ಹೋಗ್ಲಿ? ಈ ಗೋಡೆ ಬಿಟ್ರೆ ನಂಗೇನೈತೆ?"

ತಮ್ಮ ಮುಖ ತಿರುಗಿಸಿದ. "ಅದ್ಕೇ ನಾನು ಬಂದು ಕುಂತಿರೋದು. ನೀವು ಸರ್ಕಾರದ ಕಡೇರು. ನಿಮ್ಮ ಒಂದ್ ಮಾತಿಗೆ ಜೀಪು ಬರ್ತೈತೆ. ನಮ್ಮ ಮಾತಿಗೆ ಯಾರು ಬರ್ತಾರೆ?"

ನನಗೆ ಯಾರಾದರೂ ಹೆದರಿದ್ದು ಅದೇ ಮೊದಲು. ಆದರೆ ಅದರಿಂದ ನನಗೆ ಧೈರ್ಯವೇನೂ ಬರಲಿಲ್ಲ. ಹೆದರಿದವರ ಕೈಯಲ್ಲಿ ಮಚ್ಚಿದ್ದರೆ ಏನಾಗಬಹುದೆಂದು ಇನ್ನಷ್ಟು ಹೆದರಿದೆ.

ಸೋಮವಾರ ರಜೆ ಹಾಕಿ ಅಜ್ಜಿಯ ಜೊತೆ ಕಚೇರಿಗೆ ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಸಾಹೇಬರು ನನ್ನನ್ನು ಕೇಳಿದರು: "ಇವರು ನಿಮಗೇನಾದರೂ ತೊಂದರೆ ಕೊಡ್ತಿದ್ದಾರೇನ್ರೀ?" ಕಿಟಕಿಯಾಚೆ ತಮ್ಮ ನಿಂತಿದ್ದ.

"ಇಲ್ಲ ಸಾರ್. ಅವರಿಗೆ ಕಾನೂನು ಗೊತ್ತಿರಲಿಲ್ಲ," ಅಂದೆ. ಆ ಮಾತನ್ನು ನನ್ನ ಕನಿಕರ ಆಡಿಸಿತೋ ಭಯ ಆಡಿಸಿತೋ, ಈಗಲೂ ಗೊತ್ತಿಲ್ಲ. ಎಚ್ಚರಿಕೆ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು. ಸಂಜೆಯ ಬಸ್ಸಿಗೆ ತಮ್ಮ ಬಾಗೂರಿಗೆ ಹೋದ.

ಎರಡು ವರ್ಷ ಅಲ್ಲಿದ್ದೆವು. ಅಜ್ಜಿ ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಿದ್ದಳು, ಆದರೂ ಬಾಡಿಗೆ ರಸೀದಿಗೆ ಹೆಬ್ಬೆಟ್ಟು ಒತ್ತುವಾಗ ಪ್ರತಿಸಲ, "ಇದ್ರಾಗೆ ಮನೆ ನಿಮ್ದು ಅಂತ ಬರ್ದಿಲ್ಲ ತಾನೆ?" ಎಂದು ಕೇಳುತ್ತಿದ್ದಳು.

ನನಗೆ ಹೊಸದುರ್ಗಕ್ಕೆ ವರ್ಗವಾಯಿತು. ಮನೆ ಬಿಡುವುದನ್ನು ನಾನೂ ಕಚೇರಿಗೆ ತಿಳಿಸಬೇಕಿತ್ತು. ಅಜ್ಜಿ ನನ್ನ ಎರಡೂ ಕೈ ಹಿಡಿದಳು. "ಹೇಳ್ಬ್ಯಾಡವ್ವ. ಇನ್ನ್ಯಾರು ಬರ್ತಾರೋ."

ನಮ್ಮ ಶಾಲೆಯಲ್ಲೇ ಒಬ್ಬ ಟೀಚರು ಎರಡು ಮಕ್ಕಳನ್ನು ಕಟ್ಟಿಕೊಂಡು, ಅರ್ಜಿ ಹಾಕಿ ಕಾಯುತ್ತಿದ್ದರು. ನನಗೆ ಗೊತ್ತಿತ್ತು. ಆದರೂ ಕಚೇರಿಗೆ ತಿಳಿಸದೆ, ಕೀಲಿಯನ್ನು ಅಜ್ಜಿಯ ಕೈಗಿಟ್ಟು ಬಸ್ಸು ಹತ್ತಿದೆ.

ಹೊಸದುರ್ಗದಲ್ಲಿ ಎಷ್ಟೋ ತಿಂಗಳು ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಎದೆ ಹಾರುತ್ತಿತ್ತು, ಕಚೇರಿಯಿಂದ ನೋಟೀಸು ಬಂತೆಂದು. ಬರಲಿಲ್ಲ. ಬಂದದ್ದು ಆ ಟೀಚರ ಕಾಗದ: ಇನ್ನೂ ಮನೆ ಸಿಕ್ಕಿಲ್ಲ, ನೀವಿದ್ದ ಮನೆಯನ್ನು ಯಾರಿಗೆ ಕೊಟ್ಟರು, ಎಂದು ಕೇಳಿದ್ದರು. ನಾನು ಉತ್ತರ ಬರೆಯಲಿಲ್ಲ.