ಅಡ್ಡ ಹಿಡಿದ ಕೈ

ಪಕ್ಕದೂರು ಲಿವರ್‌ಮೋರಿನ ಆಂಟಿ ಯಾರ ಕೈ ಹಿಡಿದರೂ ಬೇಗ ಬಿಡುತ್ತಿರಲಿಲ್ಲ. ಅವರ ಒರಟು ಹೆಬ್ಬೆರಳು ಮಣಿಕಟ್ಟಿನಿಂದ ಮೊಣಕೈವರೆಗೆ ಎಲುಬು ತಡವುತ್ತಾ ಹೋಗುತ್ತಿತ್ತು. ಧಾರವಾಡದವರು, ಸಾವಿರ ವರ್ಷಕ್ಕೂ ಹಿಂದಿನ ಗೋರಿಗಳಲ್ಲಿ ಸಿಕ್ಕ ಅಸ್ಥಿಪಂಜರಗಳ ಅಧ್ಯಯನದಲ್ಲೇ ಜೀವಮಾನ ಕಳೆದವರು. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಇಲ್ಲಿನ ಕನ್ನಡಿಗರ ಪಾಟ್‌ಲಕ್ಕುಗಳಲ್ಲಿ ಬಿಸಿಬೇಳೆ ಬಾತ್ ಬಡಿಸಿಕೊಳ್ಳುತ್ತಲೇ ತಲೆಬುರುಡೆಯ ಮೇಲಿನ ಕತ್ತಿಯೇಟಿನ ವಿಷಯ ತೆಗೆಯುತ್ತಿದ್ದರು. "ಯುದ್ಧದ್ದು ಬಿಡ್ರಿ, ಮನ್ಯಾಗ ತಿಂದ ಏಟೂ ಎಲುಬಿನಾಗ ಕಾಣ್ತಾವ," ಎನ್ನುವಷ್ಟರಲ್ಲಿ ಜನ ತಟ್ಟೆ ಹಿಡಿದು ಜಾಗ ಖಾಲಿ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನನ್ನ ಎಡಗೈ ಪ್ಲಾಸ್ಟರಿನಲ್ಲಿತ್ತು. ಸ್ಯಾನ್ ರಮೋನಿನ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಗರಾಜಿನ ಮೆಟ್ಟಿಲಲ್ಲಿ ಜಾರಿದೆ ಎಂದಿದ್ದೆ. ಗಂಡನೂ ನಗುನಗುತ್ತಾ ಅದನ್ನೇ ಹೇಳುತ್ತಿದ್ದ. ಆಂಟಿ ನನ್ನನ್ನು ಅಡುಗೆಮನೆಗೆ ಕರೆದು, ಬಲಗೈಗೆ ಬಳೆ ತೊಡಿಸುತ್ತಾ, "ಎಲ್ಲಿ ಮುರದದ?" ಎಂದರು. ಕಿರುಬೆರಳಿನ ಕಡೆಯ ಎಲುಬು, ಮುಂಗೈಯ ನಡುವೆ ಎಂದು ತೋರಿಸಿದೆ.

"ಜಾರಿ ಬಿದ್ದವರಿಗೆ ಹೆಚ್ಚಾಗಿ ಮಣಿಕಟ್ಟು ಮುರೀತದ ನೋಡವಾ. ಇದು ತಲಿ ಉಳಿಸ್ಕೊಳ್ಳಲಿಕ್ಕೆ ಅಡ್ಡ ಹಿಡದ ಕೈ."

"ಇಲ್ಲ ಆಂಟಿ, ನಿಜವಾಗ್ಲೂ ಬಿದ್ದೆ."

ಅವರು ವಾದಿಸಲಿಲ್ಲ. ತಾವು ಪರೀಕ್ಷಿಸಿದ್ದ ಹಳೆಯ ಗೋರಿಯೊಂದರ ಹೆಂಗಸಿನ ವಿಷಯ ಹೇಳಿದರು.

"ಅಕಿದೂ ಎಡಗೈ. ಒಮ್ಮೆ ಮುರದು ಛಂದಾಗಿ ಕೂಡಿತ್ತು. ಆಮ್ಯಾಲೆ ಅಲ್ಲೇ ಬಾಜೂಕ ಮತ್ತ ಮುರದದ. ಎರಡನೇದ್ದು ಕೂಡಿರಲಿಲ್ಲ."

"ಯಾಕೆ?"

"ಕೂಡೂದಕ್ಕ ಮೊದಲ ಸತ್ತಿದ್ಲು. ಅಕಿಗೆ ಹೋಗಲಿಕ್ಕೆ ಬ್ಯಾರೆ ಮನಿ ಇರಲಿಲ್ಲೋ ಏನೋ. ನಿನಗ ನಮ್ಮನಿ ಅದ."

ನಾನು ಬಿಕ್ಕಿಬಿಕ್ಕಿ ಅತ್ತೆ. ಆಂಟಿ ಕಣ್ಣೊರೆಸಿ, ಮನೆ ತುಂಬ ಮುತ್ತೈದೆಯರಿರುವಾಗಲೇ ನನ್ನನ್ನೂ ನನ್ನ ಮಗಳನ್ನೂ ಹೊರಡಿಸಿದರು. "ಕೈ ನೆಟ್ಟಗಾಗೂತನಕ ಇಕಿ ನಮ್ಮನ್ಯಾಗ ಇರ್ತಾಳಪಾ," ಎಂದು ನನ್ನ ಗಂಡನಿಗೆ ಎಲ್ಲರೆದುರು ಹೇಳಿದರು. ಅಷ್ಟು ಜನರ ಮುಂದೆ ಅವನಿಗೆ ಉಸಿರೆತ್ತಲಾಗಲಿಲ್ಲ. "ಆರ್ ವಿ ಕಮಿಂಗ್ ಬ್ಯಾಕ್?" ಎಂದು ಮಗಳು ಕಾರಿನಲ್ಲಿ ಕೇಳಿದಳು. ಕೈ ನೆಟ್ಟಗಾದ ಮೇಲೂ ನಾವು ಹಿಂದಿರುಗಲಿಲ್ಲ. ಕೋರ್ಟಿಗೆ ಹೋದಾಗಲೆಲ್ಲ ಆಂಟಿ ಪಕ್ಕದಲ್ಲೇ ಕೂತಿದ್ದರು, ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಂಡು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನನ್ನ ಹೆತ್ತವಳು ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ನನ್ನ ಕೈಯಲ್ಲಿ ಮುರಿತದ ಗುರುತು ಒಂದೇ ಇದೆ. ಮುಂದೆಂದೋ ಯಾರಾದರೂ ನೋಡಿದರೆ, ಈ ಹೆಂಗಸಿನ ಕೈ ಒಮ್ಮೆ ಮುರಿದಿತ್ತು, ಆಮೇಲೆ ಬಹುಕಾಲ ಬದುಕಿದಳು ಎಂದು ತಿಳಿದೀತು. ಅವಳನ್ನು ಯಾರು ಕರೆದೊಯ್ದರು ಎಂಬುದು ಮಾತ್ರ ಎಲುಬು ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಇಷ್ಟು ಬರೆದೆ.